ಅರಗು ಬಣ್ಣದ ಕಂಡಿಕೆ

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಏನು ಕೆಲಸ ಎಂದು ಕೇಳಿದರೆ ನಾನು ಮಗ್ಗದ ಕೆಲಸ ಎಂದುಬಿಡುತ್ತೇನೆ. ನಿಜ ಹೇಳಿದರೆ ಮಾತು ಬೆಳೆಯುತ್ತದೆ. ಮಾತು ಬೆಳೆಸುವಷ್ಟು ಉಸಿರು ಸಂಜೆಯ ಹೊತ್ತಿಗೆ ನನ್ನಲ್ಲಿ ಉಳಿದಿರುವುದಿಲ್ಲ. ಒಂದು ಸಲ ಯಳಂದೂರಿನಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಬರುವಾಗ, ಮಾಂಬಳ್ಳಿಯಲ್ಲಿ ಹತ್ತಿದ ಹೆಂಗಸೊಬ್ಬಳಿಗೆ ನಿಜ ಹೇಳಿ ಸಾಕುಸಾಕಾಯಿತು.

"ನೊಣ ಕಟ್ತೀನಿ ಕಣವ್ವ," ಎಂದೆ.

"ಏನ್ ಕಟ್ತೀಯ?"

"ನೊಣ. ಮೀನ್ ಇಡಿಯಾಕೆ."

ಅವಳು ನನ್ನ ಹಣೆಯ ವಿಭೂತಿಯನ್ನೂ ಮುಖವನ್ನೂ ನೋಡಿದಳು. "ನೊಣ ಇಡ್ದು ಕಟ್ಟಾಕ್ತೀಯಾ?"

"ಇಡ್ದು ಕಟ್ಟೋದಲ್ಲ, ಮಾಡೋದು. ರೇಷ್ಮೆ, ಜರಿ, ಕೋಳಿ ಗರಿ ಎಲ್ಲ ಗಾಳದ್ ಮ್ಯಾಕೆ ಸುತ್ತಿ ನೊಣದಂಗೆ ಮಾಡೋದು."

"ಯಾವ್ ಕೆರೆ ಮೀನ್ಗೆ?"

"ಇಲ್ಲಿ ಕೆರೆದಲ್ಲ. ಒರದೇಸದ್ದು."

ಅವಳು ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಇಳಿಯುವ ತನಕ ಮತ್ತೆ ನನ್ನ ಕಡೆ ನೋಡಲಿಲ್ಲ. ಅಂದಿನಿಂದ ಯಾರು ಕೇಳಿದರೂ ಮಗ್ಗದ ಕೆಲಸ.

ಅದು ಪೂರ್ತಿ ಸುಳ್ಳೂ ಅಲ್ಲ. ನಾವು ಕೂತು ಕೆಲಸ ಮಾಡುವ ಶೆಡ್ಡು ಮೊದಲು ಮಗ್ಗದ ಶೆಡ್ಡೇ ಆಗಿತ್ತು. ಗುಂಡಿ ಮಗ್ಗಗಳನ್ನು ಕಿತ್ತು, ಗುಂಡಿಗಳಿಗೆ ಮಣ್ಣು ತುಂಬಿ, ಮೇಲೆ ಸಿಮೆಂಟು ಹಾಕಿದ್ದಾರೆ. ನೆಲದ ಮೇಲೆ ಆ ತೇಪೆಗಳು ಈಗಲೂ ಕಾಣುತ್ತವೆ. ಅವುಗಳ ಮೇಲೆ ಉದ್ದುದ್ದ ಬೆಂಚು, ಬೆಂಚಿನ ಅಂಚಿಗೆ ಸಣ್ಣಸಣ್ಣ ಇಕ್ಕಳ, ಒಂದೊಂದು ಇಕ್ಕಳದ ಹಿಂದೆ ಒಬ್ಬೊಬ್ಬ ಹೆಂಗಸು. ಇದನ್ನು ನಡೆಸುವವಳು ಊರಿನ ಸೊಸೆ. ಎಲ್ಲೋ ಹೋಗಿ ಈ ವಿದ್ಯೆ ಕಲಿತು ಬಂದವಳು. ನಾವು ಮೇಡಮ್ ಎನ್ನುತ್ತೇವೆ. ರೇಷ್ಮೆ ಇಲ್ಲೇ ಸಿಗುತ್ತದೆ, ಜರಿ ಇಲ್ಲೇ ಸಿಗುತ್ತದೆ, ಎಳೆ ಹಿಡಿದು ಪಳಗಿದ ಬೆರಳಿನ ಹೆಂಗಸರು ಕೆಲಸವಿಲ್ಲದೆ ಬೀದಿಬೀದಿಯಲ್ಲಿ ಕೂತಿದ್ದಾರೆ ಎಂದು ಲೆಕ್ಕ ಹಾಕಿ ಶುರು ಮಾಡಿದಳು. ಕೋಳಿಯ ಗರಿ ಹನೂರಿನ ಕಡೆಯಿಂದ ಮೂಟೆಯಲ್ಲಿ ಬರುತ್ತದೆ. ಮಾಂಸ ಮುಟ್ಟದ ಮನೆಯವರಾದ ನಾವು ಮೊದಮೊದಲು ಆ ಮೂಟೆ ಬಿಚ್ಚಿದರೆ ಮೂಗಿಗೆ ಸೆರಗು ಹಿಡಿಯುತ್ತಿದ್ದೆವು. ಈಗ ಅದರ ಪಕ್ಕದಲ್ಲೇ ಬುತ್ತಿ ಬಿಚ್ಚಿ ಉಣ್ಣುತ್ತೇವೆ.

ಮೇಡಮ್ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದಳು. ಮಂಜು ಕವಿದ ದೊಡ್ಡ ಕೆರೆ. ಕರಡಿಯಷ್ಟು ಬಟ್ಟೆ ಹೊದ್ದ ಗಂಡಸೊಬ್ಬ ದೋಣಿಯಲ್ಲಿ ಕೂತು ಉದ್ದದ ಕೋಲು ಬೀಸುತ್ತಾನೆ. ದಾರದ ತುದಿಯ ನೊಣ ನೀರಿನ ಒಳಕ್ಕೆ ಇಳಿಯುತ್ತದೆ. ಟ್ರೌಟ್ ಎಂಬ ಮೀನು ಕೆಳಗಿನಿಂದ ಬಂದು ಅದನ್ನು ಹುಳ ಎಂದು ನುಂಗುತ್ತದೆ. ಅವನು ಹಿಡಿದು, ಫೋಟೋ ತೆಗೆದು, ಮತ್ತೆ ನೀರಿಗೆ ಬಿಟ್ಟುಬಿಡುತ್ತಾನೆ. ಅದನ್ನು ನೋಡಿ ಕುಂತೂರಿನಿಂದ ಕೆಲಸಕ್ಕೆ ಬರುವ ಹೆಂಗಸೊಬ್ಬಳು, "ತಿನ್ನಾಕಿಲ್ವಾ? ಮತ್ಯಾಕೆ ಇಷ್ಟೆಲ್ಲಾ ರಾಮಾಯ್ಣ?" ಎಂದು ಕೇಳಿದಳು.

ನಾವು ಹೆಚ್ಚಾಗಿ ಕಟ್ಟುವ ನೊಣಕ್ಕೆ ಅವರ ದೇಶದಲ್ಲಿ ಏನೋ ಹಳೆಯ ಹೆಸರಿದೆ. ನಾವು ಅದನ್ನು ಧಾರೆ ಸೀರೆ ಎನ್ನುತ್ತೇವೆ. ಅರಗು ಬಣ್ಣದ, ಅಂದರೆ ಕಪ್ಪಿಗೆ ತಿರುಗಿದ ಕೆಂಪಿನ ಮೈ, ಅದರ ಮೇಲೆ ಜರಿ. ಬೇರೆ ಏನೆಂದು ಕರೆಯುವುದು? ಗಾಳವನ್ನು ಇಕ್ಕಳಕ್ಕೆ ಕಚ್ಚಿಸಿ, ಮೇಣ ಸವರಿದ ಸಣ್ಣ ನೂಲನ್ನು ದಾರ ಪೋಣಿಸುವ ಕಣ್ಣಿನಿಂದ ಕೊಕ್ಕೆ ಬಾಗುವ ತನಕ ಒತ್ತೊತ್ತಾಗಿ ಸುತ್ತಬೇಕು. ಬಾಲಕ್ಕೆ ಹಳದಿ ಗರಿಯ ನಾಲ್ಕೈದು ಎಳೆ. ಜರಿಯ ತುದಿಯನ್ನು ಅಲ್ಲೇ ಕಟ್ಟಿ ಬಿಟ್ಟಿರಬೇಕು, ಅದರ ಸರದಿ ಆಮೇಲೆ. ಮೈಗೆ ಅರಗು ರೇಷ್ಮೆ, ತಲೆಯ ಕಡೆ ಬರುತ್ತ ಒಂಚೂರು ದಪ್ಪ. ಅದರ ಮೇಲೆ ಜರಿಯನ್ನು ಬಿಟ್ಟುಬಿಟ್ಟು ಸುತ್ತಬೇಕು. ನೊಣದ ಕತ್ತಿಗೆ ಕೋಳಿಯ ಕುತ್ತಿಗೆಯ ಗರಿ ಒಂದು ಸುತ್ತು, ಹೆಚ್ಚೆಂದರೆ ಎರಡು. ಅದರ ಎಳೆಗಳನ್ನು ಬೆರಳಿನಿಂದ ಹಿಂದಕ್ಕೆ ನೀವಿ, ಗಡ್ಡದ ಹಾಗೆ ಕೆಳಕ್ಕೆ ಇಳಿಬಿಡಬೇಕು. ಬೆನ್ನಿಗೆ ಬಾತುಕೋಳಿಯ ಕಂದು ಗರಿಯ ಎರಡು ಸೀಳು, ಮಡಿಸಿದ ರೆಕ್ಕೆಯಂತೆ. ಆಮೇಲೆ ತಲೆ ಸುತ್ತಿ, ಗಂಟು ಬಿಗಿದು, ಒಂದು ಹನಿ ವಾರ್ನಿಷ್. ಆಗ ಒಂದಾಯಿತು. ಮತ್ತೆ ಇನ್ನೊಂದು ಗಾಳ. ಸಂಜೆಯ ಹೊತ್ತಿಗೆ ಕತ್ತು ನನ್ನದಲ್ಲ ಅನ್ನಿಸುತ್ತದೆ, ಕಣ್ಣಿನಲ್ಲಿ ಮೆಣಸಿನಪುಡಿ ಬಿದ್ದ ಹಾಗೆ ಉರಿ.

ನನ್ನ ಬಲಗಡೆಗೆ ಕೂರುತ್ತಿದ್ದವಳು ನನ್ನ ಅತ್ತಿಗೆ, ಗಂಡನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ನಾನು ಸೊಸೆಯಾಗಿ ಬಂದಾಗ ಆಗಲೇ ಅಲ್ಲಿದ್ದಳು. ನನಗೆ ಎಳೆ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಬಾಯಿ ಬಹಳ ಜೋರು. ಈ ನೊಣಕ್ಕೆ ಧಾರೆ ಸೀರೆ ಎಂದು ಹೆಸರಿಟ್ಟ ದಿನ ಎಲ್ಲರೂ ನಕ್ಕರೆ ಅವಳು ಮಾತ್ರ, "ಧಾರೆ ಸೀರೆ ತೋರ್ಸಿ ಗಾಳ ಆಕೋದು ನಮ್ಮೂರಲ್ಲೂ ಉಂಟು ಕಣಮ್ಮಿ, ಮೀನ್ಗೆ ಮಾತ್ರ ಅಲ್ಲ," ಎಂದಳು.

ಕೈಮಗ್ಗ ಇದ್ದ ಕಾಲದಲ್ಲಿ ಅವಳ ಕೆಲಸ ಅಚ್ಚು ಕೆಚ್ಚುವುದು. ಮಗ್ಗದ ಉದ್ದೆಳೆಗಳ ಹಳೆಯ ಹಾಸು ಮುಗಿದು ಹೊಸದು ಬಂದಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಹೊಸೆದು ಜೋಡಿಸಬೇಕು, ಹಾಸಿನಲ್ಲಿ ಎಷ್ಟು ಎಳೆ ಇದೆಯೋ ಅಷ್ಟನ್ನೂ. ಬೆರಳು ಜಾರಬಾರದೆಂದು ಬೂದಿ ಮುಟ್ಟಿಕೊಳ್ಳುತ್ತಾರೆ. ಬಚ್ಚಲ ಒಲೆಯ ಬೂದಿಯನ್ನು ಹಳೆಯ ಪಂಚೆಯಲ್ಲಿ ಜಾಲಿಸಿ, ಗಂಧದಷ್ಟು ನುಣ್ಣಗೆ ಮಾಡಿ, ತೆಂಗಿನ ಕರಟದಲ್ಲಿ ಇಟ್ಟುಕೊಂಡಿರುತ್ತಿದ್ದಳು. ಮಗ್ಗ ಹೋದರೂ ಕರಟ ಹೋಗಲಿಲ್ಲ. ನೊಣ ಕಟ್ಟಲು ಬಂದಾಗ ಅದನ್ನೂ ತಂದು ಬೆಂಚಿನ ಮೇಲೆ ಇಟ್ಟಳು. ಸತ್ತ ಕೋಳಿಯ ಗರಿ ಮುಟ್ಟಬೇಕಲ್ಲ, ಅದಕ್ಕೆ ಬೂದಿ ಮುಟ್ಟಿಕೊಂಡು ಮಡಿ ಮಾಡಿಕೊಳ್ಳುತ್ತಾಳೆ ಎಂದು ಉಳಿದವರು ತಮಾಷೆ ಮಾಡುತ್ತಿದ್ದರು. ಅವಳು ಅವರ ಜೊತೆ ನಕ್ಕು ಮತ್ತೊಮ್ಮೆ ಬೂದಿ ಮುಟ್ಟಿಕೊಳ್ಳುತ್ತಿದ್ದಳು.

ನಿಜ ನನಗೆ ಗೊತ್ತಿತ್ತು. ಬೂದಿ ಹತ್ತಿದ ಬೆರಳಿಗೆ ಎಳೆ ಚೆನ್ನಾಗಿ ಗೊತ್ತಾಗುತ್ತದೆ, ಕಣ್ಣಿನ ಹಂಗು ಕಡಿಮೆ. ಅತ್ತಿಗೆಯ ಕಣ್ಣು ಹೋಗುತ್ತಿತ್ತು. ಮೈಸೂರಿನ ಡಾಕ್ಟರು ಕಣ್ಣಿನ ಒಳಗಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಈ ಹನಿ ಬಿಡಿ ಎಂದಿದ್ದರು. ಹನಿ ಬಿಡುತ್ತಲೇ ಇದ್ದೆವು. ಕಣ್ಣು ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು. ಎದುರಿಗೆ ನಿಂತವರ ಮುಖ ತಿಳಿಯುತ್ತಿತ್ತು, ಪಕ್ಕದಲ್ಲಿ ಬಂದವರು ತಿಳಿಯುತ್ತಿರಲಿಲ್ಲ. ಅರಗು, ಕಪ್ಪು, ಪಾಚಿ ಹಸಿರು ಮೂರೂ ಒಂದೇ ಆಗಿಹೋಗಿದ್ದವು.

"ಮನೇಲಿ ಇದ್ಬುಡಿ ಅತ್ಗೆ, ನಾನೊಬ್ಳು ಓಯ್ತೀನಿ," ಎಂದು ನಾನು ಒಂದು ಸಲ ಹೇಳಿದೆ.

"ಇದ್ದು? ನಿಮ್ಮನೇಲಿ ಕುಂತ್ಕಂಡು ಉಣ್ಣಾದಾ? ಕೈ ಆಡೋಗಂಟ ನಾನು ಬರೋಳೇ. ನೀನು ಬಾಯ್ ಬುಡ್ಬ್ಯಾಡ, ಅಷ್ಟೆ."

'ನಿಮ್ಮನೇಲಿ' ಎಂದಳು. ಅವಳು ಹುಟ್ಟಿದ ಮನೆ ಅದು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವಳು ನಮ್ಮ ಮನೆ ಎನ್ನಲಿಲ್ಲ. ತಮ್ಮ ಒಂದು ದಿನವೂ ಅವಳನ್ನು ಏನೂ ಅಂದವನಲ್ಲ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಬಂದು ಬಾಯಿ ಬಿಡದೆ ಉಂಡು ಮಲಗುವ ಮನುಷ್ಯ ಅವನು. ಆದರೂ ಅವಳಿಗೆ ಆ ಬೆಂಚು ಬೇಕಿತ್ತು. ಬೆಂಚು ಹೋದರೆ ತಾನು ಆ ಮನೆಯಲ್ಲಿ ಯಾರೂ ಅಲ್ಲ ಎಂದು ಅವಳು ನಂಬಿಬಿಟ್ಟಿದ್ದಳು. ನಂಬಿಕೆಯನ್ನು ಮಾತಿನಿಂದ ಬಿಡಿಸಲು ನನ್ನಿಂದ ಆಗಲಿಲ್ಲ, ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಂಡರೆ ಮುಗಿಯಿತೇ? ಕೆಲಸ ಎರಡಾಯಿತು. ನೂಲು ಸುತ್ತಿದ ಕೊಳವೆಗೆ ಮೇಡಮ್ ಬಾಬಿನ್ ಎನ್ನುತ್ತಾಳೆ, ನಮ್ಮ ಬಾಯಿಗೆ ಬರುವುದು ಮಗ್ಗದ ಕಾಲದ ಕಂಡಿಕೆ ಎಂಬ ಮಾತೇ. ಬೆಳಿಗ್ಗೆ ಹೋದ ತಕ್ಷಣ ಅತ್ತಿಗೆಯ ಕಂಡಿಕೆಗಳನ್ನು ಸಾಲಾಗಿ ಜೋಡಿಸಬೇಕು. ಅರಗು ಬಣ್ಣದ ಕಂಡಿಕೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಡುತ್ತಿದ್ದೆ. ಬೆರಳು ಅದನ್ನು ಮುಟ್ಟಿದರೆ ಸಾಕು, ಅವಳಿಗೆ ತಿಳಿಯುತ್ತಿತ್ತು. ಬ್ಯಾಂಡ್ ಎಲ್ಲಾದರೂ ಜಾರಿದರೆ ತಲೆ ಎತ್ತದೆ, ಎಡಕ್ಕೆ ಸ್ವಲ್ಪ ವಾಲಿ, "ಅರಗು ಕೊಡಮ್ಮಿ," ಎಂದು ಪಿಸುಗುಟ್ಟುತ್ತಿದ್ದಳು. ನಾನು ಕೊಡುತ್ತಿದ್ದೆ. ಸಂಜೆ ಅವಳ ಡಬ್ಬಿಯನ್ನೂ ನನ್ನ ಡಬ್ಬಿಯನ್ನೂ ಬಲ್ಬಿನ ಕೆಳಗೆ ಹಿಡಿದು ನೋಡಿ, ರೆಕ್ಕೆ ವಾಲಿದ್ದನ್ನು ಬಿಚ್ಚಿ ಕಟ್ಟಿ, ಆಮೇಲೆ ಒಪ್ಪಿಸುವುದು. ಮನೆಗೆ ಬಂದು ಮುದ್ದೆ ತೊಳಸುವುದೂ ನನ್ನದೇ. ಒಂದೊಂದು ದಿನ, ಇವಳ ಗುಟ್ಟು ಯಾರಿಗಾದರೂ ತಿಳಿದುಹೋಗಬಾರದೇ, ನಾನು ಒಂದು ದಿನವಾದರೂ ನನ್ನದನ್ನಷ್ಟೇ ಮಾಡಿಕೊಂಡು ಬರುವಂತಾಗಬಾರದೇ ಎಂದು ಅನ್ನಿಸಿದ್ದು ಸುಳ್ಳಲ್ಲ. ಅಷ್ಟು ದಣಿದಿದ್ದೆ.

ಹೀಗಿರುವಾಗ ಬೇಸಿಗೆಯ ಕೊನೆಯಲ್ಲಿ ಹೊರದೇಶದಿಂದ ಮಾಲು ವಾಪಸು ಬಂತು.

ಮೇಡಮ್ ಬೆಳಿಗ್ಗೆ ಡಬ್ಬಗಳನ್ನು ಬೆಂಚಿನ ಮೇಲೆ ಸುರಿದು ನಿಂತಳು. ಕೂಗಾಡುವ ಹೆಂಗಸಲ್ಲ ಅವಳು, ಮುಖ ಮಾತ್ರ ಬಾಡಿತ್ತು. "ಮುಳುಗ್ತಾ ಇಲ್ವಂತೆ," ಎಂದಳು. "ಇದು ನೀರಿನ ಒಳಗೆ ಹೋಗ್ಬೇಕಾದ ನೊಣ. ನಮ್ದು ನೀರಿನ ಮೇಲೇ ಕೂತಿರುತ್ತಂತೆ. ಯಾಕೆ ಅಂತ ನನಗೂ ಗೊತ್ತಾಗ್ತಿಲ್ಲ. ಇನ್ನೊಂದು ಸಲ ಹೀಗಾದ್ರೆ ಆರ್ಡರ್ ಇಲ್ಲ ಅಂದಿದಾರೆ."

ಅವಳು ಒಳಗಿನಿಂದ ಸ್ಟೀಲಿನ ಅಗಲ ಬೇಸಿನ್ ತರಿಸಿ ನೀರು ತುಂಬಿಸಿದಳು. ಒಬ್ಬೊಬ್ಬರ ಡಬ್ಬಿಯಿಂದ ಹಿಂದಿನ ದಿನ ಕಟ್ಟಿದ ನೊಣ ತೆಗೆದು ನೀರಿಗೆ ಬಿಡುತ್ತ ಬಂದಳು. ಕುಂತೂರಿನವಳದು ತೇಲಿತು. ಅವಳ ಪಕ್ಕದವಳದು ತೇಲಿತು. ನನ್ನದೂ ತೇಲಿತು. ಅರಗು ಸೀರೆ ಉಟ್ಟು ಜರಿ ಮಿನುಗಿಸಿಕೊಂಡು, ಅಷ್ಟು ತೂಕದ ಗಾಳವನ್ನೂ ಹೊತ್ತುಕೊಂಡು ನೀರಿನ ಮೇಲೆ ಆರಾಮಾಗಿ ಕೂತಿತ್ತು. ಬೇಸಿನ್ನಿನ ಸುತ್ತ ನಿಂತ ನಾವೆಲ್ಲ ಅದನ್ನೇ ನೋಡುತ್ತಿದ್ದೆವು. ನೀರಿನ ಮೇಲೆ ನೊಣಗಳ ಸುತ್ತ ಸಣ್ಣಗೆ ಬಣ್ಣದ ಉಂಗುರಗಳು ಬಿಚ್ಚಿಕೊಳ್ಳುತ್ತಿದ್ದವು, ಎಣ್ಣೆಯ ಹನಿ ಬಿದ್ದಾಗ ಆಗುತ್ತದಲ್ಲ, ಹಾಗೆ.

"ಎಣ್ಣೆ ಎಲ್ಲಿಂದ ಬಂತು?" ಎಂದಳು ಮೇಡಮ್.

ಕುಂತೂರಿನವಳ ಕೈ ತನಗೆ ತಿಳಿಯದೆ ತಲೆಗೆ ಹೋಯಿತು, ಅಲ್ಲೇ ನಿಂತಿತು. ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು.

ಕೆಲಸ ಕಲಿಸಲು ಮೇಡಮ್ ತೋರಿಸಿದ್ದ ಇನ್ನೊಂದು ವಿಡಿಯೋದಲ್ಲಿ ನೊಣ ಕಟ್ಟುವ ಬಿಳಿಯ ಮನುಷ್ಯ ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಆ ಒದ್ದೆ ಬೆರಳಿನಿಂದ ಗರಿಯ ಎಳೆಗಳನ್ನು ಹಿಂದಕ್ಕೆ ನೀವುತ್ತಿದ್ದ. ಅದನ್ನು ನೋಡಿದ ದಿನವೇ ನಾವೆಲ್ಲ ಥೂ ಎಂದು ಮುಖ ತಿರುಗಿಸಿದ್ದೆವು. ಎಂಜಲು ಬೇರೆ, ಸತ್ತ ಕೋಳಿಯ ಗರಿ ಬೇರೆ. ಮುಟ್ಟಿದ ಬೆರಳನ್ನು ಮತ್ತೆ ಬಾಯಿಗಿಡುವುದುಂಟೇ? ಮೇಡಮ್ ಒದ್ದೆ ಸ್ಪಂಜು ಕೊಟ್ಟಿದ್ದಳು. ಬೇಸಿಗೆಯಲ್ಲಿ ಅದು ಕೂತಲ್ಲೇ ಒಣಗಿ ಕಲ್ಲಾಗುತ್ತಿತ್ತು. ಬಟ್ಟೆ ಹೊಲಿಯುವಾಗ ಸೂಜಿಯನ್ನು ತಲೆಗೂದಲಿಗೆ ಸವರಿಕೊಳ್ಳುವುದು ನಮ್ಮ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಹಾಗೆಯೇ ಬೆರಳನ್ನೂ ಒಂದು ಸಲ ಬೈತಲೆಗೆ ಸವರಿ ಗರಿ ನೀವಿದರೆ ಎಳೆಗಳು ಮಾತು ಕೇಳಿದ ಹಾಗೆ ಮಲಗುತ್ತಿದ್ದವು. ಹರಳೆಣ್ಣೆ ಹಚ್ಚದೆ ಮನೆಯಿಂದ ಹೊರಗೆ ಕಾಲಿಡುವವಳು ನಮ್ಮಲ್ಲಿ ಯಾರಿದ್ದಾಳೆ? ಎಂಜಲಾಗಬಾರದೆಂದು ಎಣ್ಣೆ ಮಾಡಿಕೊಂಡೆವು.

ಮೇಡಮ್ ಬೇಸಿನ್ನನ್ನು ಮುಂದಕ್ಕೆ ತಳ್ಳಿಕೊಂಡು ಅತ್ತಿಗೆಯ ಡಬ್ಬಿಗೆ ಬಂದಳು. ಒಂದು ನೊಣ ಬಿಟ್ಟಳು. ಅದು ಒಂದು ಗಳಿಗೆ ನಿಂತು, ತಲೆ ತಗ್ಗಿಸಿ, ಸುಮ್ಮನೆ ಕೆಳಗೆ ಇಳಿದು ತಳಕ್ಕೆ ಹೋಯಿತು. ಇನ್ನೊಂದು ಬಿಟ್ಟಳು, ಅದೂ ಇಳಿಯಿತು. ಡಬ್ಬಿಯನ್ನೇ ಬಗ್ಗಿಸಿದಳು. ಎಲ್ಲವೂ ತಳ ಸೇರಿದವು.

"ನೀವು ತಲೆಗೆ ಎಣ್ಣೆ ಹಚ್ಚಲ್ವಾ ಅಮ್ಮ?"

"ಅಚ್ತೀನಿ ಕಣವ್ವ, ಯಾಕಚ್ಚಾಕಿಲ್ಲ," ಎಂದಳು ಅತ್ತಿಗೆ. ಏನಾಗಿದೆಯೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಬೇಸಿನ್ನಿನಲ್ಲಿ ತೇಲಿದ್ದೂ ಮುಳುಗಿದ್ದೂ ಅವಳಿಗೆ ಕಾಣುತ್ತಿರಲಿಲ್ಲ. ತಾನೇ ತಪ್ಪು ಮಾಡಿದೆನೆಂದು ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮೇಡಮ್ ಆ ಬೆರಳುಗಳನ್ನು ಬಿಡಿಸಿ ನೋಡಿದಳು, ಬೂದಿಯ ಕರಟ ನೋಡಿದಳು. ಪಾತ್ರೆಯ ಜಿಡ್ಡನ್ನು ಬೂದಿ ತೆಗೆಯುವುದು ಯಾರಿಗೆ ಗೊತ್ತಿಲ್ಲ? ಆದರೆ ಇಲ್ಲಿ ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅತ್ತಿಗೆಗೂ ಹೊಳೆದಿರಲಿಲ್ಲ. ಮೇಡಮ್ ಮುಖಕ್ಕೆ ರಕ್ತ ಬಂತು. "ಅಮ್ಮ, ನೀವು ಮುಂದೆ ಬನ್ನಿ. ನನ್ನ ಟೇಬಲ್ ಹತ್ರ ಕೂತು ಒಂದು ಕಟ್ಟಿ ತೋರಿಸಿ. ಎಲ್ಲರೂ ನೋಡ್ಕೊಳ್ಳಿ, ನಾಳೆಯಿಂದ ಎಲ್ಲರೂ ಹಿಂಗೇ."

"ಅವ್ರಿಗೆ ಸೊಂಟ ನೋವು ಮೇಡಮ್, ಇಲ್ಲೇ ಕಟ್ತಾರೆ ಬುಡಿ," ಎಂದೆ. ಮೇಡಮ್ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅತ್ತಿಗೆಯೂ ಆಗಲೇ ಎದ್ದಿದ್ದಳು. ಅವಳ ಮುಖದಲ್ಲಿ ಅಂಥ ಕಳೆ ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಶೆಡ್ಡಿನಲ್ಲಿ ಮಗ್ಗಗಳಿದ್ದಾಗ ಅಚ್ಚು ಕೆಚ್ಚಲು ಬನ್ನಿ ಎಂದು ಮನೆಯ ಬಾಗಿಲಿಗೆ ಬಂದು ಕರೆಯುತ್ತಿದ್ದರಂತೆ. ಇಷ್ಟು ಕಾಲದ ಮೇಲೆ ಯಾರೋ ಮತ್ತೆ ಕರೆದಿದ್ದರು. ಕರಟ ಹಿಡಿದು, ಬೆಂಚಿನ ಅಂಚನ್ನು ಬೆರಳಿನಿಂದ ಸವರಿಕೊಂಡು, ಯಾರಿಗೂ ಅನುಮಾನ ಬಾರದಂತೆ ನಡೆದು ಹೋದಳು. ನಾನು ಹಿಂದೆ ಹೊರಟೆ. ಮುಂದೆ ಎಲ್ಲರೂ ಮುತ್ತಿಕೊಂಡಿದ್ದರಿಂದ ನನಗೆ ಜಾಗ ಸಿಗದೆ ಹಿಂದೆಯೇ ನಿಂತೆ.

ಗಾಳವನ್ನು ಇಕ್ಕಳಕ್ಕೆ ಕಚ್ಚಿಸಿದಳು. ಬೂದಿ ಮುಟ್ಟಿ, ಉಜ್ಜಿ, ಊದಿದಳು. ನೂಲು ಸುತ್ತಿದಳು. ಬಾಲ ಕಟ್ಟಿದಳು. ಜರಿಯ ತುದಿ ಸಿಕ್ಕಿಸಿದಳು. ಒಂದು ಎಳೆಯೂ ಅತ್ತಿತ್ತ ಆಗಲಿಲ್ಲ. ಹೀಗೇ ಮುಗಿದುಹೋದರೆ ಸಾಕು ಎಂದು ನಾನು ಮನೆದೇವರಿಗೆ ಮೊರೆಯಿಟ್ಟೆ. ಆಮೇಲೆ ಮೈಗೆ ರೇಷ್ಮೆ ಬೇಕಾಯಿತು. ಮೇಡಮ್ ಬೀರುವಿನಿಂದ ಹೊಸ ಕಂಡಿಕೆಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದಳು. ಅತ್ತಿಗೆಯ ಕೈ ಅವುಗಳ ಮೇಲೆ ಹೋಯಿತು. ಒಂದನ್ನು ಮುಟ್ಟಿತು, ಬಿಟ್ಟಿತು. ಇನ್ನೊಂದನ್ನು ಮುಟ್ಟಿತು, ತಿರುಗಿಸಿತು, ಬಿಟ್ಟಿತು. ಯಾವುದಕ್ಕೂ ರಬ್ಬರ್ ಬ್ಯಾಂಡ್ ಇರಲಿಲ್ಲ.

ಆಗ ಅವಳು ತಲೆ ಎತ್ತದೆ, ದಿನವೂ ಮಾಡುವ ಹಾಗೆ ಎಡಕ್ಕೆ ಸ್ವಲ್ಪ ವಾಲಿದಳು.

"ಅರಗು ಕೊಡಮ್ಮಿ," ಎಂದಳು.

ಅವಳ ಎಡಗಡೆ ನಿಂತಿದ್ದವಳು ಮೇಡಮ್.

ಮೇಡಮ್ ಮೇಜಿನ ಮೇಲೆ, ಅತ್ತಿಗೆಯ ಕೈಯ ಪಕ್ಕದಲ್ಲೇ ಇದ್ದ ಅರಗು ಕಂಡಿಕೆಯನ್ನು ನೋಡಿದಳು. ಅತ್ತಿಗೆಯ ಮುಖ ನೋಡಿದಳು. ಆಮೇಲೆ ಕಂಡಿಕೆಯನ್ನು ತೆಗೆದು ಅವಳ ಕೈಗೆ ಕೊಟ್ಟಳು. ಅವಳ ಬೆರಳು ತಾಗಿದ ಕೂಡಲೇ ಅತ್ತಿಗೆಗೆ ಅದು ನನ್ನ ಬೆರಳಲ್ಲವೆಂದು ಗೊತ್ತಾಯಿತು. ಕೈ ಅಲ್ಲೇ ನಿಂತಿತು.

ಅವಳು ಕಂಡಿಕೆಯನ್ನು ಕೆಳಗಿಡಲಿಲ್ಲ. ಅದೊಂದು ಮಾತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮೈ ಸುತ್ತಿದಳು, ಜರಿ ಸುತ್ತಿದಳು, ಗರಿ ನೀವಿದಳು, ರೆಕ್ಕೆ ಕೂರಿಸಿದಳು, ಗಂಟು ಬಿಗಿದಳು. ತಾನೇ ಇಕ್ಕಳದಿಂದ ಬಿಡಿಸಿ ಅಂಗೈಯಲ್ಲಿಟ್ಟು ಚಾಚಿದಳು. "ಬುಡಿ ನೀರ್ಗೆ," ಎಂದಳು. ಕುಂತೂರಿನವಳು ತೆಗೆದು ಬೇಸಿನ್ನಿಗೆ ಬಿಟ್ಟಳು. ಅದು ಮುಳುಗಿತು.

ಮೇಡಮ್ ಕೆಟ್ಟವಳಲ್ಲ. ಊಟದ ಹೊತ್ತಿನಲ್ಲಿ ನಮ್ಮಿಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿ ಮಾತಾಡಿದಳು. "ಇಲ್ಲಿ ಗಾಳ, ಕತ್ತರಿ, ಬ್ಲೇಡು ಎಲ್ಲಾ ಇದೆ ಅಮ್ಮ. ನಾಳೆ ಏನಾದ್ರೂ ಆದ್ರೆ ನಾನೇ ಹೊಣೆ. ನನಗೆ ನಿಮ್ಮನ್ನ ಕೂರಿಸ್ಕೊಳ್ಳೋ ಧೈರ್ಯ ಇಲ್ಲ," ಎಂದಳು. ಗರಿ ಆರಿಸುವ ಕೆಲಸ ಕೊಡಿ ಎಂದೆ. ಅದಕ್ಕೂ ಕಣ್ಣೇ ಬೇಕು ಎಂದು ಮೇಡಮ್ ಹೇಳುವಷ್ಟರಲ್ಲಿ ನನಗೇ ಗೊತ್ತಾಯಿತು. ಕೊನೆಗೆ ಮೇಡಮ್, "ಬೂದಿ ಜಾಲಿಸಿ ಕೊಡ್ತೀರಾ? ಎಲ್ಲರಿಗೂ ಬೇಕಾಗುತ್ತೆ," ಎಂದಳು. ಅತ್ತಿಗೆ ತಲೆಯಾಡಿಸಿದಳು. ಅವಳು ಬೈದಿದ್ದರೆ, ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಂದು ಅರ್ಧ ದಿನಕ್ಕೇ ಮನೆಗೆ ನಡೆದು ಬಂದೆವು. ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರೊಂದು ಕೆಟ್ಟು ನಿಂತು, ಹಿಂದೆ ಬಸ್ಸುಗಳು ಸಾಲುಗಟ್ಟಿದ್ದವು. ಅತ್ತಿಗೆ ನನ್ನ ರಟ್ಟೆ ಹಿಡಿದಳು. ಅದುವರೆಗೂ ಬೀದಿಯಲ್ಲಿ ಅವಳು ಒಂದು ದಿನವೂ ಹಾಗೆ ಹಿಡಿದಿರಲಿಲ್ಲ, ಯಾರಾದರೂ ನೋಡಿದರೆ ಎಂದು. "ಇನ್ನೇನ್ ಬುಡು, ಗೊತ್ತಾಯ್ತಲ್ಲ ಎಲ್ರಿಗೂವೆ," ಎಂದಳು. ನನಗೆ ಅಳು ಬಂತು. ಅವಳ ಕಣ್ಣಿಗೆ ಅದು ಕಾಣುವುದಿಲ್ಲವೆಂದು ಧೈರ್ಯವಾಗಿ ಅತ್ತೆ.

"ಮೂಗ್ ಸೀಟ್ಕ," ಎಂದಳು. ಕಿವಿ ಚುರುಕಾಗಿತ್ತಲ್ಲ.

ಮರುದಿನದಿಂದ ನನ್ನ ಕೆಲಸ ಅರ್ಧವಾಯಿತು. ನಾನು ಬಯಸಿದ್ದೇ ಅದು. ಹೋಗಿ ಕೂತೆ, ನನ್ನದನ್ನು ಕಟ್ಟಿದೆ, ನನ್ನದನ್ನು ಒಪ್ಪಿಸಿದೆ. ದಣಿವು ಮಾತ್ರ ಅರ್ಧವಾಗಲಿಲ್ಲ. ಈಗ ಬೆಂಚಿನುದ್ದಕ್ಕೂ ಒಬ್ಬೊಬ್ಬರ ಮುಂದೆ ಒಂದೊಂದು ಕರಟ, ಕರಟದಲ್ಲಿ ಅತ್ತಿಗೆ ಜಾಲಿಸಿದ ಬೂದಿ. ತಲೆಗೆ ಕೈ ಹೋಗದಿರಲೆಂದು ಎಲ್ಲರೂ ಬಟ್ಟೆ ಕಟ್ಟಿಕೊಳ್ಳುತ್ತೇವೆ. ಕಟ್ಟಿದ್ದನ್ನು ದಿನವೂ ಬೇಸಿನ್ನಿಗೆ ಬಿಟ್ಟು ನೋಡುವುದು ರೂಢಿಯಾಗಿದೆ. ಎಲ್ಲರದೂ ಮುಳುಗುತ್ತದೆ. ನನ್ನ ಬಲಗಡೆಯ ಜಾಗದಲ್ಲಿ ಹನೂರಿನ ಕಡೆಯ ಒಬ್ಬಳು ಬಂದು ಕೂತಿದ್ದಾಳೆ. ಮಾತಿಗೆ ಮೊದಲು ತಮಿಳು ಬರುತ್ತದೆ ಅವಳಿಗೆ, ಆಮೇಲೆ ಕನ್ನಡ. ಒಳ್ಳೆಯವಳು. ಮೊದಲ ದಿನ ನಾನು ಅಭ್ಯಾಸಬಲದಿಂದ ಅವಳ ಅರಗು ಕಂಡಿಕೆಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟೆ. ಇದ್ಯಾಕಕ್ಕ ಎಂದು ಅವಳು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅದನ್ನು ಮಣಿಕಟ್ಟಿಗೆ ಹಾಕಿಕೊಂಡೆ, ಅಲ್ಲೇ ಉಳಿಯಿತು.

ಅತ್ತಿಗೆ ಬಚ್ಚಲ ಮುಂದಿನ ಜಗಲಿಯಲ್ಲಿ ಕೂತು ಬೂದಿ ಜಾಲಿಸುತ್ತಾಳೆ. ಹಳೆಯ ಪಂಚೆಯ ಎರಡು ತುದಿ ಕಾಲ್ಬೆರಳಿನಲ್ಲಿ, ಎರಡು ತುದಿ ಕೈಯಲ್ಲಿ. ಬೆಳಿಗ್ಗೆ ನಾನು ಡಬ್ಬಿ ಎತ್ತಿಕೊಂಡು ಹೊರಡುವಾಗ ಏನೂ ಅನ್ನುವುದಿಲ್ಲ. ಸಂಜೆ ನನ್ನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಕೇಳುತ್ತಾಳೆ, "ಮುಳುಗಿದ್ವಾ?"

"ಮುಳುಗಿದ್ವು ಅತ್ಗೆ."

"ನಿಂದೂವೆ?"

"ನಂದೂವೆ."

ಆದರೂ ನಂಬುವುದಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾಳೆ, ಜಿಡ್ಡಿದೆಯೋ ಬೂದಿ ನಿಂತಿದೆಯೋ ಎಂದು. ಒಂದು ಕಾಲದಲ್ಲಿ ನಾನು ಸಂಜೆ ಅವಳ ಡಬ್ಬಿ ನೋಡುತ್ತಿದ್ದೆ, ಈಗ ಅವಳು ನನ್ನ ಕೈ ನೋಡುತ್ತಾಳೆ. ಮುದ್ದೆ ತೊಳಸುವುದು ತಡವಾಗುತ್ತದೆಂದು ನಾನು ಗೊಣಗುತ್ತೇನೆ. ಕೈ ಮಾತ್ರ ಎಳೆದುಕೊಳ್ಳುವುದಿಲ್ಲ.

ಮೊನ್ನೆ ಹಾಗೆ ನೋಡುವಾಗ ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಎಳೆ ಅವಳಿಗೆ ಸಿಕ್ಕಿತು. ಮೆಲ್ಲಗೆ ಎಳೆದು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಇದು ಅರಗಾ, ಕರೀದಾ?"

ನಾನು ಅದನ್ನು ಹತ್ತಿರ ಹಿಡಿದು ನೋಡಿದೆ. ದೂರ ಹಿಡಿದು ನೋಡಿದೆ. ಟ್ಯೂಬ್‌ಲೈಟಿನ ಕೆಳಗೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿಕೊಂಡು ನೋಡಿದೆ. ಗ್ಯಾಸಿನ ಮೇಲೆ ಎಸರು ಕುದಿಯುವ ಸದ್ದು ಕೇಳಿಸುತ್ತಿತ್ತು.

"ಅರಗು," ಎಂದೆ.

ನಾನು ಬೆಳಕಿನ ತನಕ ಹೋಗಿ ಬಂದ ಸದ್ದು ಅತ್ತಿಗೆಗೆ ಕೇಳಿಸಿತ್ತು. ಕೈಚಾಚಿ ನನ್ನ ಮಣಿಕಟ್ಟು ಹುಡುಕಿ, ಅಲ್ಲಿದ್ದ ರಬ್ಬರ್ ಬ್ಯಾಂಡನ್ನು ಬೆರಳಿನಿಂದ ಒಂದು ಸಲ ಎಳೆದು ಬಿಟ್ಟಳು.

"ನಾಳಿಂದ ಇದ ನಿನ್ ಕಂಡ್ಕೆಗೆ ಆಕ್ಕೊ," ಎಂದಳು.